ಹತ್ತಿಯ ಸಾಲದಿಂದ ಮಣ್ಣನ್ನು ಬಿಡಿಸಹೊರಟ ಕಾರ್ವರ್

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಹೆಸರು ಕೇಳಿದೊಡನೆ ಬಹಳ ಮಂದಿಗೆ ನೆನಪಾಗುವುದು ಶೇಂಗಾ. ಶೇಂಗಾದಿಂದ ಮುನ್ನೂರು ಬಗೆಯ ವಸ್ತುಗಳನ್ನು ತಯಾರಿಸಿ ತೋರಿಸಿದ ಅಮೆರಿಕದ ಕಪ್ಪು ವಿಜ್ಞಾನಿ ಎಂದು ಮಕ್ಕಳ ಪುಸ್ತಕಗಳು ಅವರನ್ನು ಪರಿಚಯಿಸುತ್ತ ಬಂದಿವೆ. ಪೀನಟ್ ಬಟರ್ ಕಂಡುಹಿಡಿದವರೂ ಅವರೇ ಎಂದು ನಂಬಿದವರು ಇಂದಿಗೂ ಇದ್ದಾರೆ. ಅದು ತಪ್ಪು. ಕಾರ್ವರ್ ಇನ್ನೂ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ, 1884ರಲ್ಲಿ, ಹುರಿದ ಶೇಂಗಾ ಅರೆದು ಮಾಡುವ ಹಿಟ್ಟಿಗೆ ಬೇರೊಬ್ಬರು ಪೇಟೆಂಟ್ ಪಡೆದಾಗಿತ್ತು. ಮುನ್ನೂರು ವಸ್ತುಗಳ ಪಟ್ಟಿಯಲ್ಲೂ ಮಾರುಕಟ್ಟೆ ಕಂಡು ನೆಲೆನಿಂತವು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಅವರ ಸಾಧನೆ ಏನು? ಅದನ್ನು ಪ್ರಯೋಗಶಾಲೆಯ ಸೀಸೆಗಳಲ್ಲಿ ಹುಡುಕುವ ಬದಲು ಅಲಬಾಮ ರಾಜ್ಯದ ಸವಕಲು ಹೊಲಗಳಲ್ಲಿ ಹುಡುಕಬೇಕು. ಹತ್ತಿಯೊಂದನ್ನೇ ಬೆಳೆದು ಮಣ್ಣನ್ನೂ ಆರೋಗ್ಯವನ್ನೂ ಸಾಲಗಾರನಿಗೆ ಒಪ್ಪಿಸಿ ಕುಳಿತಿದ್ದ ಬಡ ರೈತನಿಗೆ, ಕೈಯಲ್ಲಿ ಕಾಸಿಲ್ಲದೆಯೂ ಹಲವು ಬೆಳೆಗಳ ಬೇಸಾಯಕ್ಕೆ ಹೊರಳುವ ದಾರಿಯನ್ನು ತೋರಿಸಲು ಅವರು ತಮ್ಮ ಬದುಕಿನ ಅತ್ಯುತ್ತಮ ಇಪ್ಪತ್ತು ವರ್ಷಗಳನ್ನು ವ್ಯಯಿಸಿದರು. ಶೇಂಗಾ ಆ ದಾರಿಯಲ್ಲಿ ಸಿಕ್ಕ ಹಲವು ಬೆಳೆಗಳಲ್ಲಿ ಒಂದು ಮಾತ್ರ.

ಕುದುರೆಯ ಬೆಲೆಗೆ ಮರಳಿದ ಮಗು

ಕಾರ್ವರ್ ಹುಟ್ಟಿದ ದಿನ ಎಲ್ಲಿಯೂ ದಾಖಲಾಗಿಲ್ಲ. ಗುಲಾಮರನ್ನು ಕೊಂಡ ಬೆಲೆಯನ್ನು ಬರೆದಿಡುತ್ತಿದ್ದರೇ ಹೊರತು ಅವರ ಮಕ್ಕಳು ಹುಟ್ಟಿದ ದಿನವನ್ನಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ, ಸುಮಾರು 1864ರಲ್ಲಿ, ಮಿಸ್ಸೂರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿ ಮೋಸೆಸ್ ಕಾರ್ವರ್ ಎಂಬ ರೈತನ ಜಮೀನಿನಲ್ಲಿ ಅವರು ಜನಿಸಿದರು. ತಾಯಿ ಮೇರಿಯನ್ನು ಮೋಸೆಸ್ 700 ಡಾಲರ್ ಕೊಟ್ಟು ಖರೀದಿಸಿದ್ದ. ತಂದೆ ನೆರೆಯ ಜಮೀನಿನ ಗುಲಾಮನಾಗಿದ್ದು, ಮಗು ಕಣ್ಣುಬಿಡುವ ಮೊದಲೇ ಅಪಘಾತದಲ್ಲಿ ತೀರಿಕೊಂಡಿದ್ದನೆಂದು ತಿಳಿದುಬರುತ್ತದೆ.

ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಗಡಿಯಾಚೆಯ ದರೋಡೆಕೋರರು ದಾಳಿಯಿಟ್ಟು ತಾಯಿಯನ್ನೂ ಮಗುವನ್ನೂ ಎತ್ತಿಕೊಂಡು ಹೋದರು. ಮೋಸೆಸ್ ಕಳುಹಿಸಿದ ಆಳು ಅರ್ಕಾನ್ಸಾಸ್ ಕಡೆಯಿಂದ ಮಗುವನ್ನು ಮಾತ್ರ ಮರಳಿ ತಂದ. ಆ ಕೆಲಸಕ್ಕೆ ಅವನಿಗೆ ಸಿಕ್ಕ ಪ್ರತಿಫಲ ಒಂದು ಕುದುರೆ ಎಂಬುದು ಆ ಮನೆಯಲ್ಲಿ ಉಳಿದುಬಂದ ವೃತ್ತಾಂತ. ತಾಯಿ ಮತ್ತೆಂದೂ ಸಿಗಲಿಲ್ಲ. ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಮೋಸೆಸ್ ಮತ್ತು ಆತನ ಹೆಂಡತಿ ಸೂಸನ್, ಜಾರ್ಜ್ ಹಾಗೂ ಅವನ ಅಣ್ಣ ಜೇಮ್ಸ್ ಇಬ್ಬರನ್ನೂ ತಮ್ಮ ಮನೆಯಲ್ಲೇ ಬೆಳೆಸಿದರು.

ನಾಯಿಕೆಮ್ಮಿನಿಂದ ಸೊರಗಿದ್ದ ಜಾರ್ಜ್‌ಗೆ ಹೊಲದ ಕಷ್ಟದ ಕೆಲಸ ಸಾಧ್ಯವಿರಲಿಲ್ಲ. ಆತ ಸೂಸನ್ ಜೊತೆ ಅಡುಗೆ, ಹೊಲಿಗೆ, ಬಟ್ಟೆ ಒಗೆಯುವುದು, ಹಿತ್ತಲ ಕೈತೋಟ ನೋಡಿಕೊಳ್ಳುವುದು ಇವನ್ನೆಲ್ಲ ಕಲಿತ. ಮುಂದೆ ಕೃಷಿ ವಿಜ್ಞಾನಿಯಾದಾಗ ಅವರು ಬರೆದ ಕಿರುಹೊತ್ತಗೆಗಳಲ್ಲಿ ಅಡುಗೆಯ ವಿಧಾನಗಳಿಗೆ ಅಷ್ಟು ಜಾಗ ಸಿಕ್ಕಿದ್ದಕ್ಕೆ ಇಲ್ಲಿಯೇ ಮೂಲವಿದೆ. ಹೊಲ ಮತ್ತು ಒಲೆ ಬೇರೆಬೇರೆ ಎಂದು ಆ ಹುಡುಗನಿಗೆ ಯಾರೂ ಕಲಿಸಲಿಲ್ಲ. ಕಾಡಿನ ಗಿಡಗಳನ್ನು ತಂದು ಗುಟ್ಟಾಗಿ ಸಾಕುತ್ತಿದ್ದ ಆತನನ್ನು ನೆರೆಹೊರೆಯವರು ಗಿಡಗಳ ವೈದ್ಯನೆಂದು ಕರೆಯುತ್ತಿದ್ದರು.

ಹಳ್ಳಿಯ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಜಾರ್ಜ್ ನಡೆದುಕೊಂಡೇ ನಿಯೋಶೊ ಪಟ್ಟಣ ಸೇರಿದ. ಅಲ್ಲಿ ಆಶ್ರಯ ಕೊಟ್ಟವಳು ಸೂಲಗಿತ್ತಿ ಮರಾಯ ವಾಟ್ಕಿನ್ಸ್. ಅದುವರೆಗೆ ಕಾರ್ವರನ ಜಾರ್ಜ್ ಎಂದು ಹೇಳಿಕೊಳ್ಳುತ್ತಿದ್ದ ಹುಡುಗನಿಗೆ, ಇನ್ನು ಮುಂದೆ ಜಾರ್ಜ್ ಕಾರ್ವರ್ ಎಂದು ಹೇಳಬೇಕೆಂದು ತಿದ್ದಿದವಳು ಆಕೆ. ಕಲಿತದ್ದನ್ನೆಲ್ಲ ತನ್ನ ಜನರಿಗೆ ಮರಳಿಸಬೇಕೆಂಬ ಮಾತನ್ನೂ ಮನಸ್ಸಿಗೆ ಹಾಕಿದಳು. ನಡುವಿನ ಹೆಸರು ಎಷ್ಟೋ ವರ್ಷಗಳ ನಂತರ, ಅದೇ ಹೆಸರಿನ ಇನ್ನೊಬ್ಬನ ಅಂಚೆ ತಮ್ಮ ಅಂಚೆಯೊಡನೆ ಬೆರೆಯದಿರಲೆಂದು ಸೇರಿಸಿಕೊಂಡದ್ದು.

ಮುಂದಿನ ಹನ್ನೆರಡು ವರ್ಷ ಅಲೆದಾಟ. ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್‌ನಲ್ಲಿ 1879ರಲ್ಲಿ ಕಪ್ಪು ಮನುಷ್ಯನೊಬ್ಬನನ್ನು ಬಿಳಿಯರ ಗುಂಪು ಬೀದಿಯಲ್ಲಿ ಕೊಂದದ್ದನ್ನು ಕಂಡು ಊರು ಬಿಟ್ಟರು. ಬಟ್ಟೆ ಒಗೆದು, ಅಡುಗೆ ಮಾಡಿ ಹೈಸ್ಕೂಲು ಮುಗಿಸಿದರು. ಹೈಲ್ಯಾಂಡ್ ಎಂಬಲ್ಲಿನ ಕಾಲೇಜು ಅಂಚೆಯ ಮೂಲಕ ಪ್ರವೇಶ ನೀಡಿ, ಎದುರು ಬಂದು ನಿಂತಾಗ ಮೈಬಣ್ಣ ನೋಡಿ ಹಿಂದಕ್ಕೆ ಕಳುಹಿಸಿತು. ಕೆಲಕಾಲ ಹುಲ್ಲುಗಾವಲಿನ ನಡುವೆ ಹೆಂಟೆಮಣ್ಣಿನ ಮನೆ ಕಟ್ಟಿಕೊಂಡು ಒಂಟಿಯಾಗಿ ಬೇಸಾಯವನ್ನೂ ಮಾಡಿದರು.

1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜಿನಲ್ಲಿ ಚಿತ್ರಕಲೆ ಕಲಿಯತೊಡಗಿದಾಗ, ಅಲ್ಲಿನ ಕಲಾ ಶಿಕ್ಷಕಿ ಎಟಾ ಬಡ್ ಈ ವಿದ್ಯಾರ್ಥಿ ಗಿಡಗಳನ್ನು ಬರೆಯುವ ಪರಿ ನೋಡಿ, ಏಮ್ಸ್‌ನಲ್ಲಿದ್ದ ಕೃಷಿ ಕಾಲೇಜಿಗೆ ಹೋಗಲು ಸೂಚಿಸಿದರು. ಆಕೆಯ ತಂದೆ ಅಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರು. 1891ರಲ್ಲಿ ಕಾರ್ವರ್ ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಯಾದರು. ಆರಂಭದಲ್ಲಿ ಊಟದ ಕೋಣೆಯಲ್ಲಿ ಉಳಿದವರೊಡನೆ ಕೂರಲು ಬಿಡಲಿಲ್ಲ. ನೆಲಮಾಳಿಗೆಯಲ್ಲಿ ಹೊಲದ ಆಳುಗಳ ಜೊತೆ ಉಣ್ಣಬೇಕಾಯಿತು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ. ಸಸ್ಯಶಾಸ್ತ್ರಜ್ಞ ಲೂಯಿ ಪ್ಯಾಮೆಲ್ ಅವರ ಕೈಕೆಳಗೆ ಶಿಲೀಂಧ್ರಗಳ ಅಧ್ಯಯನದಲ್ಲಿ ಒಳ್ಳೆಯ ಹೆಸರು ಬಂತು. ಸಹೋದ್ಯೋಗಿಯೊಬ್ಬರ ಪುಟ್ಟ ಮಗ ಅವರ ಬೆನ್ನುಹತ್ತಿ ಗಿಡಗಳ ಹೆಸರು ಕೇಳುತ್ತ ಅಡ್ಡಾಡುತ್ತಿದ್ದ. ಆ ಹುಡುಗ ಹೆನ್ರಿ ವ್ಯಾಲೇಸ್, ಮುಂದೆ ಅಮೆರಿಕದ ಕೃಷಿ ಸಚಿವನೂ ಉಪಾಧ್ಯಕ್ಷನೂ ಆದ. ಏಮ್ಸ್‌ನಲ್ಲಿಯೇ ಉಳಿದಿದ್ದರೆ ಕಾರ್ವರ್ ನೆಮ್ಮದಿಯ ಶಿಲೀಂಧ್ರ ತಜ್ಞರಾಗಿ ಬಾಳಬಹುದಿತ್ತು.

ಬಾಗಿಲವರೆಗೂ ಹತ್ತಿ

ಅಲಬಾಮದ ಟಸ್ಕೆಗೀಯಲ್ಲಿ ಕಪ್ಪು ಜನರ ಶಿಕ್ಷಣಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದ್ದ ಬೂಕರ್ ಟಿ. ವಾಷಿಂಗ್ಟನ್, ಕೃಷಿ ವಿಭಾಗದ ಮುಖ್ಯಸ್ಥರಾಗಿ ಬರುವಂತೆ ಕಾರ್ವರ್ ಅವರಿಗೆ ಕಾಗದ ಬರೆದರು. 1896ರ ಅಕ್ಟೋಬರ್‌ನಲ್ಲಿ ಕಾರ್ವರ್ ಅಲ್ಲಿಗೆ ತಲುಪಿದರು. ಅಯೋವಾದ ಕಪ್ಪು, ಕೊಬ್ಬಿದ ಮಣ್ಣನ್ನು ಕಂಡಿದ್ದ ಕಣ್ಣಿಗೆ ರೈಲಿನ ಕಿಟಕಿಯಾಚೆ ಕಾಣಿಸಿದ್ದು ಮೈಲಿಗಟ್ಟಲೆ ಹತ್ತಿ, ಅದರ ನಡುವೆ ಮಳೆನೀರು ಕೊರೆದ ಕೊರಕಲುಗಳು, ಗುಡಿಸಲುಗಳ ಬಾಗಿಲಿನವರೆಗೂ ಬಂದು ನಿಂತ ಹತ್ತಿಯ ಸಾಲುಗಳು. ಒಂದು ಸೊಪ್ಪಿನ ಮಡಿ, ಒಂದು ಹಣ್ಣಿನ ಮರ, ಒಂದು ಹಸು ಎಲ್ಲೋ ಅಪರೂಪ.

ಇದು ರೈತರ ಅಜ್ಞಾನದಿಂದ ಆದದ್ದೆಂದು ಭಾವಿಸಿದರೆ ವಿಷಯ ಅರ್ಥವಾಗುವುದಿಲ್ಲ. ಗುಲಾಮಗಿರಿ ಹೋದ ಮೇಲೂ ಭೂಮಿ ಹಳೆಯ ಒಡೆಯರ ಕೈಯಲ್ಲೇ ಉಳಿದಿತ್ತು. ಬಿಡುಗಡೆಯಾದ ಕಪ್ಪು ಕುಟುಂಬಗಳಲ್ಲಿ ಹೆಚ್ಚಿನವು ಪಾಲಿಗೆ ಬೇಸಾಯ ಮಾಡುತ್ತಿದ್ದವು. ನಮ್ಮಲ್ಲಿ ಕೋರು, ವಾರ ಎಂದು ಕರೆಯುವ ವ್ಯವಸ್ಥೆಯನ್ನೇ ಇದು ಹೋಲುತ್ತದೆ. ಬಿತ್ತನೆಯ ಹೊತ್ತಿಗೆ ಬೀಜ, ಹಿಟ್ಟು, ಬಟ್ಟೆ ಎಲ್ಲವನ್ನೂ ಅಂಗಡಿಯವನಿಂದ ಕಡ ತರಬೇಕು. ಅದಕ್ಕೆ ಅಡಮಾನ ಬರಲಿರುವ ಬೆಳೆ. ಅಂಗಡಿಯವನು ಹತ್ತಿಯನ್ನೇ ಕೇಳುತ್ತಾನೆ, ಏಕೆಂದರೆ ಹತ್ತಿಗೆ ಖಚಿತ ಮಾರುಕಟ್ಟೆಯಿದೆ ಮತ್ತು ಹಸಿದ ಸಾಲಗಾರ ಅದನ್ನು ತಿಂದು ಮುಗಿಸಲಾರ. ಬಡ್ಡಿ ವಿಪರೀತ. ಸುಗ್ಗಿಯಲ್ಲಿ ಒಡೆಯನ ಪಾಲು, ಅಂಗಡಿಯವನ ಬಾಕಿ ಕಳೆದರೆ ಉಳಿಯುವುದು ಮುಂದಿನ ವರ್ಷದ ಸಾಲ. ಮನೆಯ ಮುಂದೆ ಒಂದು ಸಾಲು ಬೀನ್ಸ್ ಹಾಕಿದರೂ ಅದು ಹತ್ತಿಯ ಒಂದು ಸಾಲನ್ನು ಕದ್ದಂತೆ. ಮುಂದಿನ ವರ್ಷ ಇದೇ ಜಮೀನಿನಲ್ಲಿರುವೆವೋ ಇಲ್ಲವೋ ಎಂದು ತಿಳಿಯದವನು ಮಣ್ಣಿಗೆ ಗೊಬ್ಬರ ಹಾಕಿ ಕಾಪಾಡುವುದಾದರೂ ಯಾರಿಗಾಗಿ?

ಮಣ್ಣು ಸವೆದಂತೆ ಮೈಯೂ ಸವೆಯಿತು. ಜೋಳದ ಹಿಟ್ಟು, ಕಾಕಂಬಿ, ಉಪ್ಪು ಹಾಕಿದ ಹಂದಿಯ ಕೊಬ್ಬು ಇವಿಷ್ಟೇ ವರ್ಷವಿಡೀ ಊಟ. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ಲಕ್ಷಣಗಳಾಗಿದ್ದ ಪೆಲಾಗ್ರ ರೋಗ ದಕ್ಷಿಣದ ರಾಜ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾವಿರಾರು ಜನರನ್ನು ಕೊಂದಿತು. ಅದು ಸೋಂಕಲ್ಲ, ಊಟದ ಕೊರತೆ ಎಂಬುದನ್ನು ಸರಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದೀಚೆಗೆ ನಡೆಸಿದ ಅಧ್ಯಯನಗಳಲ್ಲಿ ತೋರಿಸಿಕೊಟ್ಟರು. ಕಾರಣ ನಿಯಾಸಿನ್ ಎಂಬ ಜೀವಸತ್ವದ ಅಭಾವವೆಂಬುದು ತಿಳಿದದ್ದು 1937ರಲ್ಲಿ. ಶೇಂಗಾದಲ್ಲಿ ಈ ಜೀವಸತ್ವ ಹೇರಳ. ಅದಕ್ಕೂ ಎಷ್ಟೋ ಮೊದಲೇ ಕಾರ್ವರ್ ಪೆಲಾಗ್ರದ ಮಾತೆತ್ತದೆ, ಬಡವನ ತಟ್ಟೆಗೆ ಅಲಸಂದೆ, ಶೇಂಗಾ, ಸೊಪ್ಪು, ತರಕಾರಿ ಬರಬೇಕೆಂದು ಪಟ್ಟು ಹಿಡಿದಿದ್ದರು.

ಹತ್ತು ಎಕರೆಯ ಪ್ರಯೋಗ

ಅಲಬಾಮ ಶಾಸನಸಭೆ 1897ರಲ್ಲಿ ಟಸ್ಕೆಗೀಯಲ್ಲಿ ಕೃಷಿ ಪ್ರಯೋಗ ಕೇಂದ್ರ ತೆರೆಯಲು ಒಪ್ಪಿ, ವರ್ಷಕ್ಕೆ 1,500 ಡಾಲರ್ ಮಂಜೂರು ಮಾಡಿತು. ಇಂಥ ಕೇಂದ್ರಗಳಿಗಾಗಿ ಪ್ರತಿ ರಾಜ್ಯಕ್ಕೆ ಕೇಂದ್ರ ಸರಕಾರ ಕೊಡುತ್ತಿದ್ದ ಹಣ 15,000 ಡಾಲರ್. ಅದು ಬಿಳಿಯರ ಕಾಲೇಜಿದ್ದ ಆಬರ್ನ್‌ಗೆ ಹೋಗುತ್ತಿತ್ತು. ಟಸ್ಕೆಗೀಗೆ ಸಿಕ್ಕಿದ್ದು ಸುಮಾರು ಹತ್ತು ಎಕರೆ ಸವಕಲು ನೆಲ. ಪ್ರಯೋಗಶಾಲೆಗೆ ಸಲಕರಣೆಗಳಿರಲಿಲ್ಲ, ವಿದ್ಯಾರ್ಥಿಗಳು ಕಸದ ಗುಂಡಿಗಳಿಂದ ಹೆಕ್ಕಿ ತಂದ ಸೀಸೆ, ತಗಡು, ತಂತಿಗಳಿಂದಲೇ ಕೆಲಸ ಶುರುವಾಯಿತು.

ಆರಂಭದಲ್ಲಿ ಕಾರ್ವರ್ ಕೂಡ ಅಂಗಡಿಯ ರಸಗೊಬ್ಬರಗಳನ್ನು ಪರೀಕ್ಷಿಸಿದರು. ಆದರೆ ಸುತ್ತಲಿನ ರೈತರಲ್ಲಿ ಅವನ್ನು ಕೊಳ್ಳಬಲ್ಲವರು ಇರಲಿಲ್ಲ. ಕೊಂಡರೆ ಅದೂ ಸಾಲದ ಲೆಕ್ಕಕ್ಕೇ ಸೇರುತ್ತಿತ್ತು. ಹಾಗಾಗಿ ಅವರು ತಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡರು. ಒಂದೇ ಹೇಸರಗತ್ತೆ, ಒಂದು ನೇಗಿಲು ಇರುವವನು, ಒಂದು ಕಾಸೂ ಖರ್ಚಿಲ್ಲದೆ ಈ ನೆಲವನ್ನು ಹೇಗೆ ಸುಧಾರಿಸಬಹುದು? ಕಾಡಿನಲ್ಲಿ ಬಿದ್ದ ಎಲೆ, ಜೌಗು ನೆಲದ ಕೊಳೆತ ಕಪ್ಪು ಮಣ್ಣು, ಕೊಟ್ಟಿಗೆಯ ಕಸ ಇವನ್ನು ಬಿಡುವಿನ ದಿನಗಳಲ್ಲಿ ಹೊತ್ತು ತಂದು ತಿಪ್ಪೆ ಮಾಡಿ ಹೊಲಕ್ಕೆ ಹಾಕುವುದು ಅವರ ಮೊದಲ ಉತ್ತರ. ಎರಡನೆಯದು ಅಲಸಂದೆ.

ದ್ವಿದಳ ಧಾನ್ಯದ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಎಂಬುದನ್ನು ಜರ್ಮನ್ ವಿಜ್ಞಾನಿಗಳು 1880ರ ದಶಕದಲ್ಲಿ ಸಾಬೀತುಪಡಿಸಿದ್ದರು. ಕಾರ್ವರ್ ಅದನ್ನು ಹಳ್ಳಿಯ ಭಾಷೆಗೆ ಇಳಿಸಿದರು. ಅಲಸಂದೆಯ ಕಾಯಿ ಮನೆಗೆ, ಬಳ್ಳಿ ದನಕ್ಕೆ ಇಲ್ಲವೇ ಉತ್ತು ಮಣ್ಣಿಗೆ. ಮರುವರ್ಷ ಅದೇ ನೆಲದಲ್ಲಿ ಸಿಹಿಗೆಣಸು. ಅದರ ನಂತರ ಹತ್ತಿ. ಹತ್ತಿಯನ್ನು ಪೂರ್ತಿ ಬಿಡಬೇಕೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಯಾವ ಒಡೆಯನೂ ಕೇಳುತ್ತಿರಲಿಲ್ಲ. ಸರದಿಯಲ್ಲಿ ಬೆಳೆದರೆ ಕಡಿಮೆ ನೆಲದಲ್ಲೇ ಹತ್ತಿ ಹೆಚ್ಚು ಬರುತ್ತದೆ, ಉಳಿದ ನೆಲ ಊಟಕ್ಕೆ ಒದಗುತ್ತದೆ ಎಂಬುದು ಅವರ ವಾದ. 1903ರಲ್ಲಿ ಅಲಸಂದೆಯ ಬಗ್ಗೆ, 1905ರಲ್ಲಿ ಸವೆದ ಮಣ್ಣನ್ನು ಕಟ್ಟುವ ಬಗ್ಗೆ ಅವರ ಕಿರುಹೊತ್ತಗೆಗಳು ಹೊರಬಂದವು. ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕಿ ಬೆಳೆಯುತ್ತ ಬಂದ ನಮ್ಮ ರೈತರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೆ ಎರಡು-ಮೂರು ತಲೆಮಾರು ಹತ್ತಿಯನ್ನು ಬಿಟ್ಟು ಬೇರೇನನ್ನೂ ತನ್ನ ಇಚ್ಛೆಯಂತೆ ಬಿತ್ತಲು ಬಿಡದ ನಾಡಿನಲ್ಲಿ, ಆ ಅರಿವೇ ಕೈತಪ್ಪಿ ಹೋಗಿತ್ತು. ವಿಚಿತ್ರವೆಂದರೆ ಅಲಸಂದೆಯ ತವರು ಆಫ್ರಿಕ. ದಕ್ಷಿಣ ಅಮೆರಿಕದ ಶೇಂಗಾ ಕೂಡ ಉತ್ತರ ಅಮೆರಿಕಕ್ಕೆ ಬಂದದ್ದು ಆಫ್ರಿಕದ ಮೂಲಕ, ಗುಲಾಮರ ಹಡಗುಗಳ ಜೊತೆ. ದಕ್ಷಿಣದಲ್ಲಿ ಶೇಂಗಾಕ್ಕಿದ್ದ ಗೂಬರ್ ಎಂಬ ಹೆಸರು ಕಾಂಗೋ ಭಾಷೆಯ ಮಾತಿನಿಂದ ಬಂದದ್ದು. ಕಾರ್ವರ್ ತಮ್ಮ ಜನರಿಗೆ ಕೊಡಹೊರಟಿದ್ದು ಅವರ ಪೂರ್ವಿಕರಿಗೆ ಗೊತ್ತಿದ್ದ ಬೆಳೆಗಳನ್ನೇ.

1898ರಿಂದ ಅವರ ಮರಣದವರೆಗೆ 44 ಕಿರುಹೊತ್ತಗೆಗಳು ಪ್ರಕಟವಾದವು. ಅವುಗಳ ಕ್ರಮ ಗಮನಿಸತಕ್ಕದ್ದು. ಮೊದಲನೆಯದು ಓಕ್ ಮರದ ಕಾಯಿಗಳನ್ನು ಹಂದಿಗಳಿಗೆ ಮೇವಾಗಿ ಬಳಸುವ ಬಗ್ಗೆ, ಎರಡನೆಯದು ಸಿಹಿಗೆಣಸು. ಶೇಂಗಾದ ಪ್ರಸಿದ್ಧ ಹೊತ್ತಗೆ, ಅದನ್ನು ಬೆಳೆಯುವ ಕ್ರಮ ಮತ್ತು ಅದರಿಂದ ಮಾಡಬಹುದಾದ 105 ಅಡುಗೆಗಳ ವಿವರಣೆ, ಪ್ರಕಟವಾದದ್ದು 1916ರಲ್ಲಿ. ಅದು 31ನೆಯದು. ಟೊಮೆಟೊ, ಕಾಡು ಹಣ್ಣು, ಮಾಂಸ ಕೆಡದಂತೆ ಇಡುವ ವಿಧಾನ, ಸುತ್ತಲಿನ ಬಣ್ಣದ ಜೇಡಿಮಣ್ಣಿನಿಂದ ಮನೆಯ ಗೋಡೆಗೆ ಬಳಿಯುವ ಬಣ್ಣ, ಎಲ್ಲಕ್ಕೂ ಒಂದೊಂದು ಹೊತ್ತಗೆ. ಒಂದೇ ಹೊತ್ತಗೆಯಲ್ಲಿ ರೈತನಿಗೆ ಬೇಸಾಯ, ಶಾಲಾ ಶಿಕ್ಷಕನಿಗೆ ಸಸ್ಯಶಾಸ್ತ್ರ, ಗೃಹಿಣಿಗೆ ಅಡುಗೆ ಇರಬೇಕೆಂಬುದು ಅವರು ಪಾಲಿಸಿದ ನಿಯಮ. ಬೆಳೆದದ್ದನ್ನು ಉಣ್ಣುವ ಬಗೆ ತಿಳಿಯದಿದ್ದರೆ ಯಾವ ಹೊಸ ಬೆಳೆಯೂ ಹೊಲದಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಂದು ಬೆಳೆ ವೈವಿಧ್ಯದ ಯೋಜನೆಗಳನ್ನು ರೂಪಿಸುವವರು ಆಗಾಗ ಮರೆಯುವ ಸಂಗತಿಯಿದು.

ಓದು ಬಾರದವರಿಗೆ ಹೊತ್ತಗೆಯಿಂದೇನು ಪ್ರಯೋಜನ? 1897ರಿಂದಲೇ ತಿಂಗಳಿಗೊಮ್ಮೆ ರೈತರ ಸಭೆ ನಡೆಯತೊಡಗಿತ್ತು. 1906ರಲ್ಲಿ ನ್ಯೂಯಾರ್ಕಿನ ಧನಿಕ ಮಾರಿಸ್ ಜೆಸಪ್ ಕೊಟ್ಟ ಹಣದಿಂದ, ಕಾರ್ವರ್ ರೂಪಿಸಿದ ಹೇಸರಗತ್ತೆಯ ಬಂಡಿಯೊಂದು ಹಳ್ಳಿಗಳತ್ತ ಹೊರಟಿತು. ಬಂಡಿಯಲ್ಲಿ ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಲಕರಣೆ ಎಲ್ಲವೂ ಇದ್ದವು. ಒಬ್ಬನ ಹೊಲದಲ್ಲಿ ನಿಲ್ಲಿಸಿ, ನೆರೆಯವರನ್ನು ಕೂಡಿಸಿ, ಉತ್ತು ಬಿತ್ತಿ ತೋರಿಸುವುದು ಕ್ರಮ. ಅದನ್ನು ನಡೆಸಿದ ಥಾಮಸ್ ಕ್ಯಾಂಬೆಲ್ ಅದೇ ವರ್ಷ ಅಮೆರಿಕ ಸರಕಾರದ ಕೃಷಿ ಇಲಾಖೆಯ ಮೊದಲ ಕಪ್ಪು ಕ್ಷೇತ್ರ ಪ್ರತಿನಿಧಿಯಾಗಿ ನೇಮಕಗೊಂಡರು.

ಟಸ್ಕೆಗೀಯ ಒಳಗೆ ಎಲ್ಲವೂ ಸುಗಮವಾಗಿರಲಿಲ್ಲ. ಕಾರ್ವರ್ ಆಡಳಿತಗಾರರಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಕಾಡು ಸುತ್ತಿ, ಕೋಟಿನ ಗುಂಡಿಗೊಂದು ಹೂ ಸಿಕ್ಕಿಸಿಕೊಂಡು ಬರುವ ಮನುಷ್ಯನಿಗೆ ಕಡತ, ಲೆಕ್ಕ, ವರದಿ ಇವೆಲ್ಲ ತಲೆನೋವು. ಕೋಳಿ ಸಾಕಣೆಯ ಹೊಣೆಯೂ ಅವರ ಮೇಲಿತ್ತು, ಕೋಳಿಗಳು ಸಾಯುತ್ತಲೇ ಇದ್ದವು. 1904ರಲ್ಲಿ ಸಂಸ್ಥೆಯ ಸಮಿತಿಯೊಂದು ಅವರ ಕೋಳಿಗಳ ಲೆಕ್ಕ ವಾಸ್ತವಕ್ಕಿಂತ ಹೆಚ್ಚಾಗಿ ತೋರಿಸಿದ್ದೆಂದು ಆಕ್ಷೇಪಿಸಿತು. ವಾಷಿಂಗ್ಟನ್ ಶಿಸ್ತಿನ ಮನುಷ್ಯ; ಇಬ್ಬರ ನಡುವೆ ಕಾಗದಗಳ ಸಮರವೇ ನಡೆಯಿತು, ಕಾರ್ವರ್ ರಾಜೀನಾಮೆಯ ಬೆದರಿಕೆಯನ್ನು ಹಲವು ಬಾರಿ ಹಾಕಿದರು. ಕೊನೆಗೆ 1910ರಲ್ಲಿ ಕೃಷಿ ವಿಭಾಗವನ್ನು ಅವರ ಕೈಯಿಂದ ತೆಗೆದು, ಸಂಶೋಧನೆಗೆಂದೇ ಬೇರೆ ವಿಭಾಗ ಮಾಡಿಕೊಡಲಾಯಿತು. ಹಾಗಿದ್ದೂ 1915ರಲ್ಲಿ ವಾಷಿಂಗ್ಟನ್ ತೀರಿಕೊಂಡಾಗ ಕಾರ್ವರ್ ಬಹುಕಾಲ ಖಿನ್ನರಾಗಿದ್ದರು.

ಹುಳುವಿಗೊಂದು ಸ್ಮಾರಕ

ಹೊತ್ತಗೆಗಳೂ ಬಂಡಿಯೂ ಮಾಡಲಾಗದ್ದನ್ನು ಒಂದು ಕೀಟ ಮಾಡಿತು. ಮೆಕ್ಸಿಕೊದಿಂದ 1892ರ ಸುಮಾರಿಗೆ ಟೆಕ್ಸಾಸ್ ಪ್ರವೇಶಿಸಿದ ಹತ್ತಿಕಾಯಿಯ ಮೂತಿಹುಳು ವರ್ಷವರ್ಷವೂ ಪೂರ್ವಕ್ಕೆ ಸರಿಯುತ್ತ 1910ರಲ್ಲಿ ಅಲಬಾಮ ಮುಟ್ಟಿತು. ಹತ್ತಿಯೊಂದನ್ನೇ ನಂಬಿದ್ದ ಜಿಲ್ಲೆಗಳು ಕೆಲವೇ ಸುಗ್ಗಿಗಳಲ್ಲಿ ದಿವಾಳಿಯೆದ್ದವು. ಒಂದೇ ಬೆಳೆಯ ಅಪಾಯವೇನೆಂಬುದು ಆಗ ಒಡೆಯನಿಗೂ, ಬ್ಯಾಂಕಿಗೂ ಅರ್ಥವಾಯಿತು. ಅದುವರೆಗೆ ಅದು ಪಾಲುಗಾರನೊಬ್ಬನ ಸಂಕಟವಾಗಿತ್ತು.

ದಕ್ಷಿಣ ಅಲಬಾಮದ ಕಾಫಿ ಎಂಬ ಜಿಲ್ಲೆಯ ರೈತರು ಶೇಂಗಾಕ್ಕೆ ಹೊರಳಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಎಣ್ಣೆಗೆ ಬೇಡಿಕೆಯೂ ಇತ್ತು. ಸಾಲ ತೀರಿತು, ಕೈಗೆ ಹಣ ಬಂತು. ಆ ಜಿಲ್ಲೆಯ ಎಂಟರ್‌ಪ್ರೈಸ್ ಪಟ್ಟಣದ ಜನ 1919ರ ಡಿಸೆಂಬರ್ 11ರಂದು ನಡುಬೀದಿಯಲ್ಲಿ ಆ ಹುಳುವಿನ ಉಪಕಾರ ಸ್ಮರಣೆಗೆ ಸ್ಮಾರಕವೊಂದನ್ನು ನಿಲ್ಲಿಸಿದರು! ತೋಳೆತ್ತಿ ನಿಂತ ಸ್ತ್ರೀಯ ಶಿಲ್ಪವದು. ಆಕೆಯ ಕೈಗಳಲ್ಲಿ ಹುಳುವಿನ ಪ್ರತಿಮೆ ಬಂದದ್ದು 1949ರಲ್ಲಿ. ಈ ಬದಲಾವಣೆಯನ್ನೆಲ್ಲ ಕಾರ್ವರ್ ಒಬ್ಬರೇ ಮಾಡಿದರೆಂದು ಹೇಳುವುದು ಜನಪ್ರಿಯ ಕಥೆ. ಸ್ಥಳೀಯ ವ್ಯಾಪಾರಿಗಳು, ಸಾಲ ಕೊಟ್ಟ ಬ್ಯಾಂಕುಗಳು, ಯುದ್ಧದ ಬೆಲೆ ಇವೆಲ್ಲ ಕೂಡಿ ಆದದ್ದದು. ಹತ್ತಿಯಿಂದ ಕೈಸುಟ್ಟುಕೊಂಡವರು ಇನ್ನೇನು ಬೆಳೆಯಲಿ ಎಂದು ಕೇಳತೊಡಗಿದ ಹೊತ್ತಿಗೆ ಕಾರ್ವರ್ ಅವರ ಹತ್ತಾರು ವರ್ಷಗಳ ಉತ್ತರ ಮಾತ್ರ ಸಿದ್ಧವಾಗಿತ್ತು.

ಶೇಂಗಾ ಬೆಳೆ ಹೆಚ್ಚಿದಂತೆ ಏಷ್ಯಾದಿಂದ ಬರುವ ಅಗ್ಗದ ಶೇಂಗಾದ ಚಿಂತೆ ವ್ಯಾಪಾರಿಗಳಿಗೆ ಶುರುವಾಯಿತು. ಆಮದು ಸುಂಕ ವಿಧಿಸುವಂತೆ ಕೋರಲು 1921ರ ಜನವರಿಯಲ್ಲಿ ಅವರು ಕಾರ್ವರ್ ಅವರನ್ನು ಅಮೆರಿಕ ಸಂಸತ್ತಿನ ಸಮಿತಿಯೊಂದರ ಮುಂದೆ ನಿಲ್ಲಿಸಿದರು. ಕೊಟ್ಟಿದ್ದ ಸಮಯ ಹತ್ತು ನಿಮಿಷ. ಸದಸ್ಯನೊಬ್ಬ ಕಪ್ಪು ಜನರನ್ನು ಹೀಗಳೆಯಲು ಬಳಸುತ್ತಿದ್ದ ಕಲ್ಲಂಗಡಿಯ ಕುಹಕವನ್ನೂ ಆಡಿದ. ಕಾರ್ವರ್ ಅದನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯಿಂದ ಒಂದೊಂದಾಗಿ ಶೇಂಗಾ ಹಾಲು, ಹಿಟ್ಟು, ಬಣ್ಣ, ಮಿಠಾಯಿ ತೆಗೆದು ತೋರಿಸುತ್ತ ಹೋದಂತೆ ಸಮಿತಿ ಸಮಯದ ಮಿತಿಯನ್ನೇ ಕೈಬಿಟ್ಟಿತು. 1922ರ ಸುಂಕ ಕಾಯ್ದೆಯಲ್ಲಿ ಶೇಂಗಾಕ್ಕೆ ರಕ್ಷಣೆ ದೊರೆಯಿತು.

ಆ ದಿನದಿಂದ ಅವರು ರಾಷ್ಟ್ರದ ಶೇಂಗಾ ಮನುಷ್ಯ. ಪತ್ರಿಕೆಗಳಿಗೆ ಗುಲಾಮನ ಮಗ, ಮಾಯಾವಿ ವಿಜ್ಞಾನಿ ಎಂಬ ಕಥೆ ಹಿಡಿಸಿತು. ಹೊಲದ ಸರದಿಯ ಕಥೆಯಲ್ಲಿ ಅಂಥ ಆಕರ್ಷಣೆ ಇರಲಿಲ್ಲ. ಅವರು ಪಡೆದ ಪೇಟೆಂಟುಗಳು ಮೂರೇ ಮೂರು, ಅವೂ ಸೌಂದರ್ಯವರ್ಧಕ ಮತ್ತು ಬಣ್ಣಗಳಿಗೆ ಸಂಬಂಧಿಸಿದವು. ಶೇಂಗಾ ಎಣ್ಣೆಯ ಮಾಲೀಸಿನಿಂದ ಪೋಲಿಯೊ ಗುಣವಾಗುತ್ತದೆ ಎಂಬ ಸುದ್ದಿ 1930ರ ದಶಕದಲ್ಲಿ ಹಬ್ಬಿ, ಸಾವಿರಾರು ಮಂದಿ ಆಸೆಯಿಂದ ಕಾಗದ ಬರೆದರು. ಗುಣವೇನಾದರೂ ಕಂಡಿದ್ದರೆ ಅದು ಮಾಲೀಸಿನದೇ ಹೊರತು ಎಣ್ಣೆಯದಲ್ಲ. ಹೊಗಳಿಕೆಯನ್ನು ಕಾರ್ವರ್ ಅಷ್ಟಾಗಿ ತಡೆಯಲಿಲ್ಲವೆಂಬುದನ್ನೂ ಹೇಳಲೇಬೇಕು. ಲಿಂಡಾ ಮ್ಯಾಕ್‌ಮರಿ 1981ರಲ್ಲಿ ಬರೆದ ಜೀವನಚರಿತ್ರೆ ಈ ಪುರಾಣದ ಪೊರೆಯನ್ನು ಬಿಡಿಸಿತು. 2011ರಲ್ಲಿ ಬಂದ ಮಾರ್ಕ್ ಹರ್ಸಿ ಅವರ ಅಧ್ಯಯನ, ಕಾರ್ವರ್ ಅವರನ್ನು ಮಣ್ಣು ಮತ್ತು ಪರಿಸರ ಸಂರಕ್ಷಣೆಯ ಪೂರ್ವಸೂರಿಯಾಗಿ ಮತ್ತೆ ಎತ್ತಿ ನಿಲ್ಲಿಸಿತು.

ಪುರಾಣದ ದೊಡ್ಡ ನಷ್ಟವೆಂದರೆ ಹಲವು ಬೆಳೆಗಳ ಪಾಠ ಒಂದು ಬೆಳೆಯ ಜಾಹೀರಾತಾಯಿತು. ಶೇಂಗಾವನ್ನು ಬುಡಸಮೇತ ಕಿತ್ತಾಗ ನೆಲ ಬರಿದಾಗುತ್ತದೆ. ಬಳ್ಳಿಯನ್ನೂ ಮೇವಿಗೆ ಸಾಗಿಸಿದರೆ ಮಣ್ಣಿಗೆ ಮರಳುವುದು ಅಲ್ಪ. ವರ್ಷವರ್ಷವೂ ಅದನ್ನೇ ಬಿತ್ತಿದರೆ ರೋಗ ನಿಶ್ಚಿತ. ಶೇಂಗಾ ಒಂದನ್ನೇ ಬೆಳೆದರೆ ಅದೂ ಇನ್ನೊಂದು ಹತ್ತಿಯೇ ಸರಿ. ಅವರ ಹೊತ್ತಗೆಗಳನ್ನು ಓದಿದವರಿಗೆ ಇದು ಸ್ಪಷ್ಟ, ಅವರ ಭಾವಚಿತ್ರಕ್ಕೆ ಹಾರ ಹಾಕಿದವರಿಗಲ್ಲ.

ಇನ್ನೊಂದು ಮಿತಿ ಅವರ ಕೈಮೀರಿದ್ದು. ಸ್ವಂತ ನೆಲವಿದ್ದ ಕಪ್ಪು ರೈತರು ಅವರ ಮಾತು ಕೇಳಿ ತರಕಾರಿ, ಹಂದಿ, ಕೋಳಿ, ದ್ವಿದಳ ಧಾನ್ಯಗಳಿಂದ ತಕ್ಕಮಟ್ಟಿಗೆ ಚೇತರಿಸಿಕೊಂಡರು. ಪಾಲಿಗೆ ಮಾಡುವವನಿಗೆ ಯಾವ ಬೆಳೆ ಎಂಬ ತೀರ್ಮಾನವೇ ತನ್ನದಾಗಿರಲಿಲ್ಲ. ಭೂಮಿಯ ಒಡೆತನದ ಪ್ರಶ್ನೆಯನ್ನು ಕಾರ್ವರ್ ಬಹಿರಂಗವಾಗಿ ಎತ್ತಲಿಲ್ಲ. ಅಂದಿನ ಅಲಬಾಮದಲ್ಲಿ ಎತ್ತಿದ್ದರೆ ಟಸ್ಕೆಗೀ ಉಳಿಯುತ್ತಿತ್ತೇ ಎಂದು ಕೇಳಬಹುದು. ಎತ್ತದೆ ಇದ್ದುದರಿಂದ ಅವರ ಕೆಲಸ ಅರ್ಧಕ್ಕೆ ನಿಂತಿತೆಂದೂ ಹೇಳಬಹುದು. 1933ರ ಕೃಷಿ ಕಾಯ್ದೆ ಹತ್ತಿ ಬೆಳೆಯುವ ನೆಲ ಕಡಿಮೆ ಮಾಡಿದವರಿಗೆ ಹಣ ಕೊಟ್ಟಾಗ, ಅನೇಕ ಒಡೆಯರು ಹಣ ತಾವಿಟ್ಟುಕೊಂಡು ಪಾಲುಗಾರರನ್ನು ಹೊರಗಟ್ಟಿದರು. 1920ರಲ್ಲಿ 9 ಲಕ್ಷಕ್ಕೂ ಹೆಚ್ಚಿದ್ದ ಅಮೆರಿಕದ ಕಪ್ಪು ರೈತರ ಸಂಖ್ಯೆ ಅಲ್ಲಿಂದ ಇಳಿಯುತ್ತಲೇ ಹೋಯಿತು.

ಕೊನೆಯ ಹೊತ್ತಗೆಗಳು

ಗಾಂಧೀಜಿಯವರ ಒಡನಾಡಿ ಸಿ.ಎಫ್. ಆಂಡ್ರ್ಯೂಸ್ 1929ರಲ್ಲಿ ಟಸ್ಕೆಗೀಗೆ ಭೇಟಿಯಿತ್ತಾಗ, ಕಾರ್ವರ್ ಗಾಂಧೀಜಿಯವರಿಗೆ ಸಸ್ಯಾಹಾರದ ಬಗ್ಗೆ ಸಲಹೆಗಳನ್ನೂ ತಮ್ಮ ಹೊತ್ತಗೆಗಳನ್ನೂ ಕಳುಹಿಸಿಕೊಟ್ಟರು. ಕಾರು ತಯಾರಕ ಹೆನ್ರಿ ಫೋರ್ಡ್ ಅವರ ಮುಪ್ಪಿನ ಗೆಳೆಯ. ಮೆಟ್ಟಿಲು ಹತ್ತಲಾಗದ ಕಾರ್ವರ್ ಅವರಿಗಾಗಿ ಫೋರ್ಡ್ ವಸತಿಗೃಹದಲ್ಲಿ ಲಿಫ್ಟ್ ಹಾಕಿಸಿಕೊಟ್ಟರು. ಮದುವೆಯಾಗದ ಕಾರ್ವರ್ ಹರಕು ಕೋಟಿನಲ್ಲೇ ದಿನ ಕಳೆದವರು. ಸಂಬಳದಲ್ಲಿ ಕೂಡಿಟ್ಟ ಸುಮಾರು 60,000 ಡಾಲರ್, 1940ರಲ್ಲಿ ಅವರು ಸ್ಥಾಪಿಸಿದ ಸಂಶೋಧನಾ ಪ್ರತಿಷ್ಠಾನಕ್ಕೆ ಸಂದಿತು.

ಎರಡನೆಯ ಮಹಾಯುದ್ಧದ ಆಹಾರ ಕೊರತೆಯ ದಿನಗಳಲ್ಲಿ, 1942ರಲ್ಲಿ, ಅವರು ಮತ್ತೆ ಆರಂಭದ ವಿಷಯಕ್ಕೇ ಮರಳಿದರು. ಆ ವರ್ಷದ ಹೊತ್ತಗೆಯ ತುಂಬ ಇದ್ದುದು ಕಳೆಯೆಂದು ಕಿತ್ತೆಸೆಯುವ, ಆದರೆ ತಿನ್ನಬಹುದಾದ ಕಾಡು ಸೊಪ್ಪುಗಳು. ಬಿತ್ತದೆ, ಕೊಳ್ಳದೆ ಬೇಲಿಯ ಸಾಲಿನಲ್ಲಿ ಸಿಗುವ ಆಹಾರ. ಓಕ್ ಕಾಯಿಯನ್ನು ಹಂದಿಗೆ ಹಾಕಿ ನೋಡಿದ 1898ರ ಕಾರ್ವರ್ ಅಲ್ಲಿಯೇ ಇದ್ದರು.

ಮನೆಯ ಮೆಟ್ಟಿಲಿಂದ ಬಿದ್ದು ಹಾಸಿಗೆ ಹಿಡಿದ ಅವರು 1943ರ ಜನವರಿ 5ರಂದು ನಿಧನರಾದರು. ಟಸ್ಕೆಗೀಯಲ್ಲಿ ಬೂಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲೇ ಅವರನ್ನು ಹೂಳಲಾಯಿತು. ಅದೇ ವರ್ಷ ಜುಲೈ 14ರಂದು ಅಧ್ಯಕ್ಷ ರೂಸ್‌ವೆಲ್ಟ್, ಕಾರ್ವರ್ ಹುಟ್ಟಿದ ಮೋಸೆಸ್ ಕಾರ್ವರನ ಜಮೀನನ್ನು ರಾಷ್ಟ್ರೀಯ ಸ್ಮಾರಕವಾಗಿಸುವ ಕಾಯ್ದೆಗೆ ಸಹಿ ಹಾಕಿದರು. ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬನ ನೆನಪಿಗೆ ಸ್ಥಾಪನೆಯಾದ ಮೊದಲ ರಾಷ್ಟ್ರೀಯ ಸ್ಮಾರಕವದು. ಒಂದು ಕಾಲಕ್ಕೆ ಉಳುಮೆ ಕಂಡಿದ್ದ ಆ ನೆಲದ ಬಹುಭಾಗದಲ್ಲಿ ಈಗ ಹಿಂದಿನಂತೆ ಎತ್ತರದ ಹುಲ್ಲು, ಕಾಡು ಹೂ ಬೆಳೆಯಲು ಬಿಡಲಾಗಿದೆ.